ಎಎಸ್/400 ಕಂಡರೆ ನಮ್ಮ ಬಳಕೆದಾರರಿಗೆ ಆಗುವುದಿಲ್ಲ. ಹೊಸ ಸಿಸ್ಟಮ್‌ಗೆ ಹೋಗಲು ಆಡಳಿತವನ್ನು ಒಪ್ಪಿಸುವುದು ಹೇಗೆ?

ಬಳಕೆದಾರರು ‘ಈ ಹಸಿರು ಪರದೆ ಸಾಕಪ್ಪಾ’ ಅನ್ನುತ್ತಿದ್ದಾರೆ, ಅದನ್ನೇ ಮುಂದಿಟ್ಟು ಎಎಸ್/400 ಅನ್ನುವ ಐಬಿಎಂನ ವ್ಯವಹಾರದ ಕಂಪ್ಯೂಟರ್ ತೆಗೆಸಬೇಕು ಅನ್ನುತ್ತಿದ್ದೀರಿ. ಇದೇ ಮಾತನ್ನು ಆಡಳಿತದ ಮುಂದಿಟ್ಟು, ಒಪ್ಪಿಸಿ, ತೆಗೆಸಿಯೂ ಬಿಟ್ಟವನು ನಾನು. ಆದ್ದರಿಂದ ಮೊದಲೇ ಹೇಳುತ್ತೇನೆ: ಅವರ ದೂರು ಆ ಯಂತ್ರದ ಮೇಲೆ ಅಲ್ಲದೇ ಇರಬಹುದು. ಒಪ್ಪಿಸುವ ದಾರಿ ಹುಡುಕುವ ಮೊದಲು ಇದನ್ನು ಓದಿ.

ನಾನಿದ್ದದ್ದು ಸಗಟು ವಿತರಣೆಯ ಕಂಪನಿಯಲ್ಲಿ. ಆರ್ಡರ್, ಸ್ಟಾಕ್, ಬಿಲ್, ಲೆಡ್ಜರ್ ಎಲ್ಲವೂ ಒಂದೇ ಯಂತ್ರದಲ್ಲಿ, ಆರ್‌ಪಿಜಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್‌ಗಳ ಮೇಲೆ ನಡೆಯುತ್ತಿತ್ತು. ಬಳಕೆದಾರರ ಅಭಿಪ್ರಾಯ ತಿಳಿದುಕೊಂಡು ಬಾ ಅಂದರು. ನಾನು ಒಂದು ಪ್ರಶ್ನಾವಳಿ ಮಾಡಿ ಎಲ್ಲ ವಿಭಾಗಗಳಿಗೂ ಕಳಿಸಿದೆ. ಈಗಿನ ಸಿಸ್ಟಮ್ ಆಧುನಿಕ ಅನ್ನಿಸುತ್ತದೆಯೇ? ಕಲಿಯಲು ಸುಲಭವೇ? ಹೊಸದು ಬೇಕೇ? ಕಪ್ಪು ಹಿನ್ನೆಲೆ, ಹಸಿರು ಅಕ್ಷರ, 24 ಸಾಲು, 80 ಕಾಲಮ್ ಇರುವ ಪರದೆಯನ್ನು ಯಾರು ತಾನೇ ಆಧುನಿಕ ಅನ್ನುತ್ತಾರೆ? ಬಂದ ಉತ್ತರಗಳಲ್ಲಿ ಬಹುಪಾಲು ಹೊಸದೇ ಬೇಕು ಅಂದವು. ಅದನ್ನೇ ಚಾರ್ಟ್ ಮಾಡಿ ತೋರಿಸಿದೆ.

ಆ ಪ್ರಶ್ನಾವಳಿಯೇ ನಮಗೆ ಮುಳುವಾಯಿತು. ಅದರಲ್ಲಿ ಏನೇನು ತಪ್ಪಿತ್ತು ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಕೈಯಲ್ಲೂ ಅಂಥದ್ದೇ ಒಂದು ಇರುವ ಹಾಗಿದೆ.

ಉತ್ತರ ಕೊಟ್ಟವರು ಯಾರು ಅಂತ ನಾನು ನೋಡಲೇ ಇಲ್ಲ. ಪ್ರಶ್ನಾವಳಿ ತುಂಬಲು ಸಮಯ ಇದ್ದದ್ದು ಮ್ಯಾನೇಜರ್‌ಗಳಿಗೆ, ಮಾರಾಟ ವಿಭಾಗದ ಮುಖ್ಯಸ್ಥರಿಗೆ, ಹೊಸದಾಗಿ ಸೇರಿದವರಿಗೆ. ಇವರು ಆ ಪರದೆ ತೆರೆಯುವುದು ಅಪರೂಪಕ್ಕೆ. ಹಾಗಾಗಿ ಪ್ರತಿ ಸಲವೂ ಯಾವ ಮೆನುವಿನಲ್ಲಿ ಏನಿದೆ ಅಂತ ಹುಡುಕಾಟ, ಪ್ರತಿ ಸಲವೂ ಸಿಟ್ಟು. ದಿನವಿಡೀ ಆರ್ಡರ್ ಹಾಕುತ್ತಿದ್ದವರು ಮಾತ್ರ ಉತ್ತರ ಕಳಿಸಿರಲೇ ಇಲ್ಲ ಅನ್ನಬಹುದು. ಅವರು ಕೆಲಸದಲ್ಲಿದ್ದರು. ತಿಂಗಳಿಗೊಮ್ಮೆ ಮುಟ್ಟುವವರಿಗೂ ದಿನಕ್ಕೆ ನೂರಾರು ಸಲ ಮುಟ್ಟುವವರಿಗೂ ನಾನು ಒಂದೇ ತೂಕ ಕೊಟ್ಟೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬಳಕೆದಾರರು ‘ಎಎಸ್/400 ಸರಿಯಿಲ್ಲ’ ಅನ್ನುವಾಗ ಮೂರು ಬೇರೆ ಬೇರೆ ವಿಷಯ ಹೇಳುತ್ತಿರುತ್ತಾರೆ. ಒಂದು ಪರದೆ. ಇನ್ನೊಂದು ಅದರ ಹಿಂದಿನ ಪ್ರೋಗ್ರಾಮ್. ಮೂರನೆಯದು ಯಂತ್ರ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಸೇರಿದ ವೇದಿಕೆ. ಅವರ ಬಾಯಲ್ಲಿ ಎಲ್ಲದಕ್ಕೂ ಒಂದೇ ಹೆಸರು. ಗ್ರಾಹಕರ ಎರಡನೇ ಫೋನ್ ನಂಬರ್ ಹಾಕಲು ಜಾಗವಿಲ್ಲ ಅಂತ ವಸೂಲಿ ವಿಭಾಗದ ದೂರು. ಅದು ಫೈಲ್‌ಗೆ ಒಂದು ಫೀಲ್ಡ್ ಸೇರಿಸಿ, ಪರದೆ ತಿದ್ದಿ, ಪ್ರೋಗ್ರಾಮ್ ಕಂಪೈಲ್ ಮಾಡುವ ಕೆಲಸ. ರಿಪೋರ್ಟ್ ಕೇಳಿದರೆ ವಾರಗಟ್ಟಲೆ ಕಾಯಬೇಕು ಅಂತ ಮಾರಾಟದವರ ದೂರು. ಅದು ನಮ್ಮ ಐಟಿ ವಿಭಾಗದ ವಿಳಂಬ! ನಮ್ಮ ನಿಧಾನವನ್ನು ಯಂತ್ರದ ತಲೆಗೆ ಕಟ್ಟಿ, ಅದನ್ನೇ ಯಂತ್ರ ತೆಗೆಯಲು ಕಾರಣ ಮಾಡಿಕೊಂಡೆವು.

ಕೊನೆಯದಾಗಿ, ಹೊಸದು ಬಂದರೆ ಏನು ಕಳೆದುಕೊಳ್ಳುತ್ತೀರಿ ಅನ್ನುವ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಉತ್ತರ ತಿಳಿದದ್ದು ಹೊಸ ಸಿಸ್ಟಮ್ ಶುರುವಾದ ಮೇಲೆ. ಹಳೆಯ 5250 ಪರದೆಯಲ್ಲಿ, ಅಂದರೆ ಆ ಹಸಿರು ಪರದೆಯಲ್ಲಿ, ನೀವು ಟೈಪ್ ಮಾಡಿದ್ದು ಎಂಟರ್ ಒತ್ತುವವರೆಗೆ ನಿಮ್ಮ ಕಡೆಯೇ ಇರುತ್ತದೆ. ಒತ್ತಿದಾಗ ಒಟ್ಟಿಗೆ ಹೋಗುತ್ತದೆ. ಯಂತ್ರ ಉತ್ತರಿಸುವಷ್ಟರಲ್ಲಿ ಮುಂದಿನದನ್ನು ಟೈಪ್ ಮಾಡುತ್ತಿದ್ದರೂ ಅಕ್ಷರ ಕಳೆದುಹೋಗುವುದಿಲ್ಲ. ನುರಿತವರು ಗ್ರಾಹಕರ ಸಂಖ್ಯೆ, ಫೀಲ್ಡ್ ಎಕ್ಸಿಟ್ (ಮುಂದಿನ ಫೀಲ್ಡ್‌ಗೆ ಹೋಗುವ ಕೀಲಿ), ಐಟಂ ಸಂಖ್ಯೆ, ಪ್ರಮಾಣ, ಎಂಟರ್ ಅಂತ ಪರದೆ ನೋಡದೆಯೇ ಹಾಕಿಬಿಡುತ್ತಿದ್ದರು. ಫೋನಿನಲ್ಲಿ ಗ್ರಾಹಕರು ಮಾತು ಮುಗಿಸುವಷ್ಟರಲ್ಲಿ ಆರ್ಡರ್ ಮುಗಿದಿರುತ್ತಿತ್ತು. ಬ್ರೌಸರ್‌ನ ಹೊಸ ಪರದೆ ನೋಡಲು ಚೆನ್ನಾಗಿತ್ತು. ಆದರೆ ಪ್ರತಿ ಫೀಲ್ಡ್‌ಗೂ ಒಂದು ಪಟ್ಟಿ ತೆರೆದುಕೊಳ್ಳಬೇಕು, ಮೌಸ್ ಹಿಡಿಯಬೇಕು, ಪುಟ ಬರುವ ತನಕ ಕಾಯಬೇಕು. ಜನ ಆರ್ಡರ್‌ಗಳನ್ನು ಕಾಗದದ ಮೇಲೆ ಬರೆದುಕೊಂಡು ಸಂಜೆ ಕೂತು ಹಾಕತೊಡಗಿದರು. ಸ್ಟಾಕ್ ಲೆಕ್ಕ ಅರ್ಧ ದಿನ ಹಿಂದೆ ಬಿತ್ತು. ಇಲ್ಲದ ಸರಕನ್ನು ಇದೆ ಅಂತ ಮಾತು ಕೊಟ್ಟೆವು.

ವಾಪಸ್ ಹೋಗೋಣ ಅಂದರೆ ಆರ್‌ಪಿಜಿ ಬಲ್ಲವರು ಉಳಿದಿರಲಿಲ್ಲ. ಹಳೆಯದನ್ನು ತೆಗೆಯುತ್ತೇವೆ ಅಂತ ಪ್ರಕಟಿಸಿದ ಕೂಡಲೇ ಅವರು ಬೇರೆ ಕೆಲಸ ನೋಡಿಕೊಂಡಿದ್ದರು. ಅವರ ಜೊತೆ, ರಿಯಾಯಿತಿ ಲೆಕ್ಕ ಯಾವ ಸಂದರ್ಭದಲ್ಲಿ ಹೇಗೆ ಬದಲಾಗುತ್ತದೆ ಅನ್ನುವ ತಿಳುವಳಿಕೆಯೂ ಹೋಯಿತು.

‘ಹಳೆಯ ಯಂತ್ರ’ ಅನ್ನುವ ಮಾತಿಗೆ ಬರೋಣ. ಐಬಿಎಂ ಎಎಸ್/400 ತಂದದ್ದು 1988ರಲ್ಲಿ. ಜನ ಇವತ್ತಿಗೂ ಆ ಹೆಸರನ್ನೇ ಹೇಳುವುದರಿಂದ ಮ್ಯಾನೇಜರ್‌ಗಳ ತಲೆಯಲ್ಲಿ ಅದು 1988ರಲ್ಲೇ ನಿಂತಿದೆ. ಆದರೆ ಅದು 2000ದಲ್ಲಿ ಐಸೀರೀಸ್ ಆಯಿತು, 2006ರಲ್ಲಿ ಸಿಸ್ಟಮ್ ಐ ಆಯಿತು. 2008ರಿಂದ ಆಪರೇಟಿಂಗ್ ಸಿಸ್ಟಮ್‌ನ ಹೆಸರು ಐಬಿಎಂ ಐ, ಓಡುವುದು ಪವರ್ ಸರ್ವರ್‌ಗಳ ಮೇಲೆ. ಅದರ 7.5 ಆವೃತ್ತಿ ಬಂದದ್ದು 2022ರಲ್ಲಿ, 7.6 ಬಂದದ್ದು 2025ರಲ್ಲಿ. ಪೈಥಾನ್, ನೋಡ್‌ನಂಥ ಇವತ್ತಿನ ಪ್ರೋಗ್ರಾಮಿಂಗ್ ಸಾಧನಗಳೆಲ್ಲ ಅದರ ಮೇಲೆ ಓಡುತ್ತವೆ. ಡಿಬಿ2 ಡೇಟಾಬೇಸ್ ಒಳಗೇ ಇದೆ. 1995ರಲ್ಲಿ ಪ್ರೊಸೆಸರ್ 48 ಬಿಟ್‌ನಿಂದ 64 ಬಿಟ್‌ಗೆ ಹೋಯಿತು. ಪ್ರೋಗ್ರಾಮ್‌ಗೂ ಪ್ರೊಸೆಸರ್‌ಗೂ ನಡುವೆ ಒಂದು ಪದರ ಇಟ್ಟಿದ್ದರಿಂದ, ಅದಕ್ಕೆ ಬೇಕಾದ ಮಾಹಿತಿ ಉಳಿಸಿಕೊಂಡಿದ್ದ ಪ್ರೋಗ್ರಾಮ್‌ಗಳು ಸೋರ್ಸ್ (ಪ್ರೋಗ್ರಾಮರ್ ಬರೆದ ಮೂಲ ಬರಹ) ಮುಟ್ಟದೆಯೇ ಹೊಸದಕ್ಕೆ ದಾಟಿದವು. ಇಷ್ಟು ದೊಡ್ಡ ಬದಲಾವಣೆಯಲ್ಲೂ ಬಿಲ್ ಹಾಕುವವರು ತಮ್ಮ ಕೆಲಸದ ರೀತಿ ಬದಲಿಸಬೇಕಾಗಲಿಲ್ಲ. ಸುಮ್ನೆ ನಡೆಯುವ ಯಂತ್ರವನ್ನು ಯಾರೂ ಪ್ರಶ್ನಾವಳಿಯಲ್ಲಿ ಹೊಗಳುವುದಿಲ್ಲ ಅಲ್ವಾ? ಆ ಮೌನವನ್ನು ನಾನು ಅಸಮಾಧಾನ ಅಂತ ಓದಿದೆ.

ಹಾಗಾಗಿ ಆಡಳಿತವನ್ನು ಒಪ್ಪಿಸುವ ಕೆಲಸ ಸದ್ಯಕ್ಕೆ ಬಿಡಿ. ಜಾಸ್ತಿ ಆರ್ಡರ್ ಹಾಕುವವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ಏನೂ ಕೇಳಬೇಡಿ, ನೋಡಿ. ಬಂದ ದೂರುಗಳನ್ನು ಪರದೆ, ಪ್ರೋಗ್ರಾಮ್, ವೇದಿಕೆ ಅಂತ ಬೇರೆ ಮಾಡಿ. ವೇದಿಕೆಯ ರಾಶಿಯಲ್ಲಿ ಉಳಿಯುವುದು ಬಹಳ ಕಡಿಮೆ ಅಂತ ನನ್ನ ಅಂದಾಜು. ಅಪರೂಪಕ್ಕೆ ಬಳಸುವವರಿಗೆ ವೆಬ್ ಪರದೆ ಕೊಡಿ, ಹಿಂದಿನ ಡೇಟಾ ಅದೇ ಇರಲಿ. ದಿನವಿಡೀ ಟೈಪ್ ಮಾಡುವವರ ಹಸಿರು ಪರದೆಗೆ ಕೈ ಹಾಕಬೇಡಿ. ಮಾರಾಟದವರಿಗೆ ಬೇಕಾಗಿರುವುದು ಹೆಚ್ಚಾಗಿ ಎಕ್ಸೆಲ್‌ನಲ್ಲಿ ಅಂಕಿಗಳು. ಹಳೆಯ ಫೈಲ್‌ಗಳ ಚುಟುಕು ಫೀಲ್ಡ್ ಹೆಸರುಗಳು ಅವರಿಗೆ ಅರ್ಥವಾಗುವುದಿಲ್ಲ. ಎಸ್‌ಕ್ಯುಎಲ್ ವ್ಯೂ (ಅದೇ ಡೇಟಾವನ್ನು ಬೇರೆ ರೂಪದಲ್ಲಿ ತೋರಿಸುವ ಕಿಟಕಿ) ಮಾಡಿ, ಉದ್ದನೆಯ ಹೆಸರು ಕೊಟ್ಟು, ಓಡಿಬಿಸಿ (ಎಕ್ಸೆಲ್‌ನಂಥವನ್ನು ಡೇಟಾಬೇಸ್‌ಗೆ ಜೋಡಿಸುವ ದಾರಿ) ಮೂಲಕ ಓದಲು ಮಾತ್ರ ಅನುಮತಿ ಕೊಡಿ. ಅವರ ಸಿಟ್ಟು ಅರ್ಧ ಇಳಿಯುತ್ತದೆ.

ನಿಜವಾಗಿ ಹೆದರಬೇಕಾದದ್ದು ಆ ಪ್ರೋಗ್ರಾಮ್‌ಗಳನ್ನು ಬಲ್ಲವರು ನಿವೃತ್ತಿಯಾಗುವುದಕ್ಕೆ. ಅವರ ಪಕ್ಕಕ್ಕೆ ಹೊಸಬರನ್ನು ಈಗಲೇ ಹಾಕಿ. ಇಂಥ ಕಾಲಮ್‌ನಲ್ಲೇ ಬರೆಯಬೇಕು ಅನ್ನುವ ಕಟ್ಟಳೆ ಈಗಿನ ಆರ್‌ಪಿಜಿಯಲ್ಲಿ ಇಲ್ಲ. ಬೇರೆ ಭಾಷೆ ಗೊತ್ತಿರುವ ಹುಡುಗ ಹುಡುಗಿಯರು ಕಲಿಯುತ್ತಾರೆ.

ಬಿಟ್ಟು ಹೋಗಲೇಬೇಕಾದ ಸಂದರ್ಭವೂ ಇದೆ. ಸೋರ್ಸ್ ಕಳೆದುಹೋಗಿದ್ದರೆ, ಪ್ಯಾಕೇಜ್ ಕೊಟ್ಟವರು ಅಂಗಡಿ ಮುಚ್ಚಿದ್ದರೆ ಬೇರೆ ದಾರಿಯಿಲ್ಲ. ನಿಮ್ಮಲ್ಲಿ ಸೋರ್ಸ್ ಇದೆಯೇ, ಯಾವ ಆವೃತ್ತಿ ಓಡುತ್ತಿದೆ ಅನ್ನುವುದನ್ನು ಪ್ರಶ್ನೆಯಲ್ಲಿ ಸೇರಿಸಿ. ವೆಬ್ ಪರದೆ ಕಟ್ಟುವುದು ಎಲ್ಲಿಂದ ಶುರು ಮಾಡಬೇಕು ಅಂತ ಅದನ್ನು ನೋಡಿ ಬರೆಯುತ್ತೇನೆ.