ಜರ್ಮನಿಗೆ ಅಗ್ಗದ ಖಾಸಗಿ ವಿಮೆ ಸಾಕಾ?

ನಿಮಗೆ 26 ವರ್ಷ, ಅಕ್ಟೋಬರ್‌ಗೆ ಜರ್ಮನಿಯಲ್ಲಿ ಎಂ.ಎಸ್., ಏಜೆಂಟ್ ತಿಂಗಳಿಗೆ 35 ಯೂರೋದ ಖಾಸಗಿ ಆರೋಗ್ಯ ವಿಮೆ ಸಾಕು ಅಂತಿದ್ದಾರೆ. ಸದ್ಯಕ್ಕೆ ಸಹಿ ಹಾಕಬೇಡಿ. ಆ ದರದಲ್ಲಿ ಬರೋದು ಬಹುತೇಕ ಪ್ರವಾಸಿ ವಿಮೆಯೇ. ಹಳೇ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ.

30 ತುಂಬುವವರೆಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ಸಿಗುತ್ತೆ. ಟಿಕೆ, ಎಒಕೆ, ಬಾರ್ಮರ್ ಹೀಗೆ ಸಾರ್ವಜನಿಕ ವಿಮಾ ಸಂಸ್ಥೆ ಯಾವುದಾದರೂ ಸರಿ, ಮೂಲ ಸೌಲಭ್ಯ ಹೆಚ್ಚುಕಡಿಮೆ ಒಂದೇ. ದೀರ್ಘಕಾಲ ಬೇರೆಯವರ ಆರೈಕೆ ಬೇಕಾದಾಗ ನೆರವಾಗೋ ಆರೈಕೆ ವಿಮೆಯೂ ಸೇರಿ ತಿಂಗಳಿಗೆ ಸುಮಾರು 150 ಯೂರೋ. ವೈದ್ಯರು ಬರೆದ ಪ್ರತಿ ಔಷಧಿಗೆ ನೀವು ಕೊಡೋದು ಸಾಮಾನ್ಯವಾಗಿ 5ರಿಂದ 10 ಯೂರೋ, ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10.

ಏಜೆಂಟರು ಹೇಳದ ವಿಷಯ ಒಂದಿದೆ. ಖಾಸಗಿಗೆ ಹೋಗಬೇಕಾದರೆ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಬರೆಸಿಕೊಳ್ಳಬೇಕು. ಒಮ್ಮೆ ಪಡೆದರೆ ಓದು ಮುಗಿಯೋವರೆಗೂ ವಿದ್ಯಾರ್ಥಿ ದರಕ್ಕೆ ವಾಪಸ್ ಬರೋಕಾಗಲ್ಲ.

ಪ್ರವೇಶ ಪತ್ರ ಬಂದ ಕೂಡಲೇ ಊರಿಂದಲೇ ಆನ್‌ಲೈನ್ ಅರ್ಜಿ ಹಾಕಿ, ವಿಶ್ವವಿದ್ಯಾಲಯದ ಹೆಸರು ಸರಿಯಾಗಿ ಕೊಡಿ. ವಿಮಾ ಸಂಸ್ಥೆಯೇ ನಿಮ್ಮ ವಿಮೆಯ ಸ್ಥಿತಿ ತಿಳಿಸೋ 'ಎಂ10' ಅನ್ನೋ ವರದಿಯನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತೆ. ಅದು ತಲುಪದೆ ನೋಂದಣಿ ಪೂರ್ತಿ ಆಗಲ್ಲ, ಪಿಡಿಎಫ್ ಮೇಲ್ ಮಾಡಿದರೆ ನಡೆಯಲ್ಲ.

ಸೆಪ್ಟೆಂಬರಿನಲ್ಲೇ ಇಳಿಯೋದಾದರೆ ಸಾರ್ವಜನಿಕ ವಿಮೆ ಶುರುವಾಗೋವರೆಗಿನ ದಿನಗಳಿಗೆ ಮಾತ್ರ ಪ್ರವಾಸಿ ವಿಮೆ ತಗೊಳ್ಳಿ. ವೀಸಾಕ್ಕೂ ಅದು ಬೇಕು. ನೋಂದಣಿ ತಡವಾಗಬಹುದು, ಕೆಲವು ವಾರ ಹೆಚ್ಚಿಗೇ ಇರಲಿ.

ವಿಮೆ ಕಾರ್ಡು ಅಂಚೆಯಲ್ಲಿ ಬರುತ್ತೆ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸದಿದ್ದರೆ ವಾಪಸ್ ಹೋಗುತ್ತೆ! ರಾತ್ರಿ ಜ್ವರ ಬಂದರೆ ವೈದ್ಯರ ಸಹಾಯವಾಣಿ 116117ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112ಕ್ಕೆ.