ಮುಂಬೈನ ಪರೇಲಿನ ಕ್ಯಾನ್ಸರ್ ಆಸ್ಪತ್ರೆ ಹೊರಗೆ ಹರಕೆಯ ಅನ್ನದಾನ ಮಾಡಬೇಕೆಂದಿದ್ದೇವೆ. ಹೇಗೆ ಶುರು ಮಾಡುವುದು?

ತಾಯಿಯ ಚಿಕಿತ್ಸೆ ಸುಸೂತ್ರವಾಗಿ ಮುಗಿದದ್ದಕ್ಕೆ ಹರಕೆ, ಮಾಟುಂಗಾದ ಹತ್ತು ಜನ ಗೆಳೆಯರು, ಟಾಟಾ ಆಸ್ಪತ್ರೆ ಹತ್ತಿರ ನೂರು ಜನಕ್ಕೆ ಬಿಸಿಬೇಳೆಬಾತ್, ಕೋಸಂಬರಿ, ಮೊಸರನ್ನ ಎಂದು ಬರೆದಿದ್ದೀರಿ. ಮನಸ್ಸು ಒಳ್ಳೆಯದು, ಮೆನು ಮಾತ್ರ ಪೂರ್ತಿ ಬದಲಾಗಬೇಕು.

ಕೀಮೋ ಆದ ಹಲವರ ಬಾಯಲ್ಲಿ ಹುಣ್ಣಿರುತ್ತದೆ. ಬಿಸಿಬೇಳೆಬಾತಿನ ಖಾರ, ಹುಣಸೆಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಅವರ ಬಿಳಿರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುವ ಹೊತ್ತಿನಲ್ಲಿ ಹಸಿ ಸೌತೆ, ಹಸಿ ಕೊತ್ತಂಬರಿ, ಹೆಚ್ಚಿಟ್ಟ ಹಣ್ಣು ಯಾವುದೂ ಕೂಡದು, ಹಾಗಾಗಿ ಕೋಸಂಬರಿಯೂ ಬೇಡ. ಮೊಸರನ್ನ ಮುಂಬೈ ಸೆಕೆಯಲ್ಲಿ ಕ್ಯಾನಿನೊಳಗೇ ಹುಳಿಯುತ್ತದೆ. ಇನ್ನೊಂದು ವಿಷಯ, ಅಲ್ಲಿ ಫುಟ್‌ಪಾತಿನಲ್ಲಿ ದಿನ ಕಳೆಯುವವರಲ್ಲಿ ಬಿಹಾರ, ಉತ್ತರಪ್ರದೇಶ, ಬಂಗಾಳದವರು ಬಹಳ. ನಮ್ಮ ಸಾಂಬಾರಿನ ರುಚಿ ನಮಗೆ ಅಮೃತ, ಅವರಿಗೆ ಹೊಸತು. ಹೆಸರುಬೇಳೆ ಖಿಚಡಿ ಎಲ್ಲರಿಗೂ ಗೊತ್ತು, ಎಲ್ಲರಿಗೂ ಒಗ್ಗುತ್ತದೆ.

ನೂರು ಜನಕ್ಕೆ ಲೆಕ್ಕ ಹೀಗೆ: ಅಕ್ಕಿ 7 ಕೆಜಿ, ಹೆಸರುಬೇಳೆ ಮೂರೂವರೆ ಕೆಜಿ, ಸೋರೆಕಾಯಿ ಮತ್ತು ಕ್ಯಾರೆಟ್ ಸೇರಿ 5 ಕೆಜಿ, ನೀರು ಸುಮಾರು 40 ಲೀಟರ್, ತುಪ್ಪ ಅಥವಾ ಎಣ್ಣೆ ಮುಕ್ಕಾಲು ಲೀಟರ್, ಜೀರಿಗೆ 100 ಗ್ರಾಂ, ಶುಂಠಿ 200 ಗ್ರಾಂ, ಅರಿಶಿನ 50 ಗ್ರಾಂ. ಉಪ್ಪು ಮೊದಲು 350 ಗ್ರಾಂ ಹಾಕಿ, ಉಳಿದದ್ದು ಇಳಿಸುವ ಮುಂಚೆ ರುಚಿ ನೋಡಿಕೊಂಡು. ತಲೆಗೆ ಹತ್ತಿರಹತ್ತಿರ ಅರ್ಧ ಕೆಜಿ ಬರುತ್ತದೆ, ಅದು ಹೊಟ್ಟೆ ತುಂಬುವ ಊಟ. ಪಾತ್ರೆ 80 ಲೀಟರಿನದಾದರೂ ಇರಲಿ, ಅದಕ್ಕಿಂತ ಸಣ್ಣದರಲ್ಲಿ ಬೇಳೆ ಉಕ್ಕಿ ಒಲೆ ಆರುತ್ತದೆ. ಮಂಡಪದವರಲ್ಲಿ ಬಾಡಿಗೆಗೆ ಸಿಗುತ್ತದೆ, ತಳ ದಪ್ಪಗಿದೆಯೇ ಎಂದು ನೋಡಿಕೊಂಡು ತನ್ನಿ. ಖಾರ ಬೇಕೆನ್ನುವ ಸಂಬಂಧಿಕರಿಗೆ ಆಲೂಗಡ್ಡೆ ಪಲ್ಯ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ.

ತಳ ಹಿಡಿದರೆ ಕೆದಕಬೇಡಿ. ಕೆದಕಿದರೆ ಸುಟ್ಟ ವಾಸನೆ ಇಡೀ ಹಂಡೆಗೆ ಏರುತ್ತದೆ. ಒಲೆ ಆರಿಸಿ, ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದರೆ ಮುಕ್ಕಾಲು ಪಾಲು ಉಳಿಯುತ್ತದೆ. ಇನ್ನು ಖಿಚಡಿ ಕ್ಯಾನಿನಲ್ಲಿ ಅರ್ಧ ಗಂಟೆ ಕೂತರೆ ಗಟ್ಟಿಯಾಗುತ್ತದೆ, ಸೌಟಿನಿಂದ ಬೀಳುವುದೇ ಇಲ್ಲ. ಒಲೆಯಿಂದ ಇಳಿಸುವಾಗ ಗಂಜಿಯಷ್ಟು ಸಡಿಲ ಇರಬೇಕು, ಜೊತೆಗೆ ಫ್ಲಾಸ್ಕಿನಲ್ಲಿ ನಾಲ್ಕೈದು ಲೀಟರ್ ಕುದಿನೀರು ಇರಬೇಕು.

ಥರ್ಮಲ್ ಕ್ಯಾನಿಗೆ ಮೊದಲು ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಖಿಚಡಿ ತುಂಬಿ. ಬಡಿಸಿ ಮುಗಿಯುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಂಡುಬಿಡಿ. ಮಿಕ್ಕಿದ್ದನ್ನು ಮನೆಗೆ ತಂದು ರಾತ್ರಿ ಕಾಯಿಸಿ ಹಂಚುವ ಯೋಚನೆ ಬೇಡ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಆರುತ್ತಾ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ಬರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಗಟ್ಟಿಮುಟ್ಟಾದವರು ಒಂದು ದಿನ ಮಲಗಿ ಎದ್ದಾರು, ಕೀಮೋ ನಡೆಯುತ್ತಿರುವವರಿಗೆ ಅದು ಸಣ್ಣ ಮಾತಲ್ಲ. ಕೆಮ್ಮು, ಭೇದಿ ಇರುವ ಸ್ವಯಂಸೇವಕರು ಅವತ್ತು ದುಡ್ಡು ಕೊಟ್ಟು ಮನೆಯಲ್ಲಿರಲಿ.

ಹೋಗುವ ಮುಂಚೆ ವಾರದ ಬೇರೆಬೇರೆ ದಿನಗಳಲ್ಲಿ ಬರಿಗೈಲಿ ಹೋಗಿ ನೋಡಿಬನ್ನಿ. ಹಬ್ಬ, ಶನಿವಾರ, ದೊಡ್ಡವರ ಹುಟ್ಟುಹಬ್ಬ ಬಂತೆಂದರೆ ಒಂದೇ ಫುಟ್‌ಪಾತಿಗೆ ನಾಲ್ಕು ಗಾಡಿ ಬರುತ್ತವೆ, ಪೂರಿ ಚರಂಡಿ ಸೇರುತ್ತದೆ. ಯಾರೂ ಬಾರದ ದಿನವೇ ನಿಮ್ಮ ದಿನ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದವರನ್ನು ಕೇಳಿದರೆ ಜಾಗ, ಹೊತ್ತು ತಿಳಿಸುತ್ತಾರೆ. ಜೆರ್ಬಾಯಿ ವಾಡಿಯಾ ರಸ್ತೆಯಲ್ಲಿ ಆಂಬುಲೆನ್ಸ್ ದಾರಿಗೆ ಗಾಡಿ ಅಡ್ಡ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಹಿಂದ್‌ಮಾತಾ ಹತ್ತಿರ ನೀರು ನಿಲ್ಲುವುದು ನಿಮಗೆ ಹೇಳಬೇಕಿಲ್ಲ, ಆಗ ದಾದರ್ ಕಡೆಯ ದಾರಿ ನೆಚ್ಚಿಕೊಳ್ಳಬೇಡಿ. ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆಗೆ ಮಹಾರಾಷ್ಟ್ರದಲ್ಲಿ 2018ರಿಂದ ನಿಷೇಧವಿದೆ. ಅಡಿಕೆ ಹಾಳೆ ತಟ್ಟೆ ತನ್ನಿ, ಎಂಜಲಿಗೆ ಎರಡು ದೊಡ್ಡ ಚೀಲ ಕೂಡ.

ಈಗ ಶ್ರದ್ಧೆಯ ಮಾತು. “ಬಡಿಸುವ ಮುಂಚೆ ಎಲ್ಲರಿಂದ ಶ್ಲೋಕ ಹೇಳಿಸಬಹುದೇ” ಎಂದು ಕೇಳಿದ್ದೀರಿ. ನನ್ನ ಉತ್ತರ, ಬೇಡ. ನೈವೇದ್ಯ, ಪ್ರಾರ್ಥನೆ ಎಲ್ಲ ಅಡುಗೆಮನೆಯಲ್ಲೇ ಮುಗಿಸಿ. ದೇವರಿಗೆ ಋಣಿ ನೀವು, ಸಾಲಿನಲ್ಲಿ ನಿಂತವರಲ್ಲ. ಅವರಲ್ಲಿ ಮುಸಲ್ಮಾನರಿರುತ್ತಾರೆ, ಎರಡು ದಿನದ ಹಿಂದೆ ಕೆಟ್ಟ ರಿಪೋರ್ಟ್ ಕೈಗೆ ಬಂದು ಯಾವ ದೇವರ ಹೆಸರೂ ಬೇಡವಾದವರಿರುತ್ತಾರೆ. ನಮ್ಮ ಶರಣರು ದಾಸೋಹ ಎಂದದ್ದು ದಾಸನ ಭಾವದಲ್ಲಿ ಕೊಡುವುದಕ್ಕೆ. ಕೊಟ್ಟು ಜೈಕಾರ ಕೂಗಿಸಿಕೊಂಡರೆ ಅದು ವ್ಯಾಪಾರ. ಫೋಟೊಕ್ಕೂ ಇದೇ ಮಾತು. ಕೂದಲುದುರಿದ ಹೆಣ್ಣುಮಗಳು ಕೈಚಾಚಿದ ಚಿತ್ರ ವಾಟ್ಸಾಪ್ ಗುಂಪಿನಲ್ಲಿ ಓಡಾಡಬಾರದು. ದಾನಿಗಳಿಗೆ ತೋರಿಸಲೇಬೇಕೆಂದರೆ ಹಂಡೆಯ ಫೋಟೊ ಕಳಿಸಿ, ಸಾಮಾನಿನ ಬಿಲ್ ಕಳಿಸಿ. ಬಡಿಸುವಾಗ “ಔರ್ ದೂಂ?” (ಇನ್ನೂ ಹಾಕಲೇ?) ಎಂದು ಕೇಳಿ, ಎರಡನೇ ಸಲಕ್ಕೆ ಮುಖ ಸಿಂಡರಿಸಬೇಡಿ. ಡಬ್ಬಿ ತಂದವರಿಗೆ ಡಬ್ಬಿ ತುಂಬಿಕೊಡಿ, ಒಳಗೆ ವಾರ್ಡಿನಲ್ಲಿ ಅವರ ಮನೆಯವರು ಕಾದಿರುತ್ತಾರೆ.

ತಿಂಗಳಿಗೊಂದು ಸಲ ಎಂದು ಹೇಳಿದರೆ ತಿಂಗಳಿಗೊಂದು ಸಲ ತಪ್ಪದೆ ಹೋಗಿ. ಅಷ್ಟು ಆಗದೆಂದರೆ ಅಡುಗೆಯ ಗೋಜೇ ಬೇಡ. ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ, ಚಿಕಿತ್ಸೆಗೆ ಬಂದ ಕುಟುಂಬಗಳು ಉಳಿದುಕೊಳ್ಳುವ ಜಾಗ. ಅಲ್ಲಿನ ಕಚೇರಿಯಲ್ಲಿ ಈಗ ಏನು ಬೇಕಾಗಿದೆ ಎಂದು ಮೊದಲು ಕೇಳಿ, ಅವರು ಹೇಳಿದ ದಿನಸಿಯನ್ನೇ ಕೊಂಡು ತಲುಪಿಸಿ.