ರಕ್ತ ನಿಂತಿತು, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ. ಮಲದಲ್ಲಿ ರಕ್ತ, ಲೋಳೆ ಹೋಗುತ್ತಿತ್ತು. ಮೂಲವ್ಯಾಧಿಯೆಂದು ಬಹಳ ಕಾಲ ಔಷಧಿ ಮಾಡಿದೆವು. ಕೊನೆಗೆ ಮಂಗಳೂರಿನಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ ಅಲ್ಸರೇಟಿವ್ ಕೊಲೈಟಿಸ್ ಎಂದರು. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯಿಂದ ಈಗ ರಕ್ತ ನಿಂತಿದೆ. ಮಾತ್ರೆ ನಿಲ್ಲಿಸಬಹುದೇ? ಹಲಸು, ಮೀನು, ಖಾರ ಬಿಡಿಸಿ ಗಂಜಿ ಮಾತ್ರ ಕೊಡುತ್ತಿದ್ದೇವೆ. ಮದುವೆಯ ಮಾತು ಬಂದಿದೆ, ಭಯವಾಗುತ್ತಿದೆ.
– ಓರ್ವ ತಾಯಿ, ಬದಿಯಡ್ಕ

ಉತ್ತರ: ನಿಲ್ಲಿಸಬೇಡಿ ತಾಯಿ. ಬದಿಯಡ್ಕ, ಕುಂಬಳೆ, ಪೆರ್ಲದ ಕಡೆಯಿಂದ ನನ್ನಲ್ಲಿಗೆ ಬರುವವರಲ್ಲಿ ಹೀಗೆ ನಡುವೆ ಔಷಧಿ ಬಿಟ್ಟವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಎಂದರೆ ದೊಡ್ಡ ಕರುಳಿನ ಒಳಪದರದ ಉರಿಯೂತ. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ಎರಗುವುದರಿಂದ ಆಗುವ ಕಾಯಿಲೆ. ಬೂದಿಯ ಕೆಳಗಿನ ಕೆಂಡದ ಹಾಗೆ, ರಕ್ತ ಕಾಣದಿದ್ದರೂ ಉರಿ ಒಳಗೆ ಉಳಿದಿರಬಹುದು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ (ಉರಿಯೂತವಿದ್ದರೆ ಮಲದಲ್ಲಿ ಹೆಚ್ಚುವ ಒಂದು ಪ್ರೋಟೀನನ್ನು ಅಳೆಯುವುದು) ಅದನ್ನು ಹೇಳುತ್ತದೆ. ವೈದ್ಯರಲ್ಲಿ ಕೇಳಿ ಮಾಡಿಸಿ. ಪ್ರಮಾಣ ಕಡಿಮೆ ಮಾಡುವುದಿದ್ದರೂ ಅವರೇ ಮಾಡಬೇಕು.

ಗಂಜಿಯ ವಿಷಯದಲ್ಲಿ ನನಗೆ ನಿಮ್ಮ ಮೇಲೆ ಸ್ವಲ್ಪ ಕೋಪವೇ ಬಂದಿದೆ. ನೀವು ಬಡಿಸಿದ ಯಾವ ಊಟದಿಂದಲೂ ಈ ಕಾಯಿಲೆ ಬಂದದ್ದಲ್ಲ. ರಕ್ತ ಕಳೆದುಕೊಂಡ ಹುಡುಗಿಗೆ ಕಬ್ಬಿಣಾಂಶ ಬೇಕು, ಪ್ರೋಟೀನ್ ಬೇಕು. ಕಾಯಿಲೆ ಕೆರಳಿದ ದಿನಗಳಲ್ಲಿ ನಾರು, ಖಾರ ಕಡಿಮೆ ಮಾಡುವುದು ಸರಿ. ತಣ್ಣಗಿರುವಾಗ ಮೀನು, ಮೊಟ್ಟೆ, ಮೊಸರು, ಬಸಳೆ, ಅವಳಿಗೆ ಒಗ್ಗುವುದನ್ನೆಲ್ಲ ಕೊಡಿ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟರೆ ಅದೊಂದನ್ನು ಬಿಡಲಿ, ಸಾಕು. ಬಿಡಬೇಕಾದದ್ದು ಬೇರೆ ಇದೆ: ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್. ಇವು ಕಾಯಿಲೆಯನ್ನು ಕೆರಳಿಸಬಹುದು. ಕೀಲುನೋವು ಈ ಕಾಯಿಲೆಯದ್ದೇ ಭಾಗವಾಗಿರುವುದೂ ಉಂಟು, ಆದ್ದರಿಂದ ನೋವಿದ್ದರೆ ವೈದ್ಯರಿಗೆ ತಿಳಿಸಿ.

ಮದುವೆ ಖಂಡಿತ ಆಗಬಹುದು. ಮಕ್ಕಳೂ ಆಗುತ್ತವೆ. ಗರ್ಭ ಧರಿಸುವ ಮೊದಲು ಕೆಲವು ತಿಂಗಳು ಕಾಯಿಲೆ ಶಾಂತವಾಗಿದ್ದರೆ ಒಳ್ಳೆಯದು. ಮೆಸಲಮೈನ್ ಅನ್ನು ಸಾಮಾನ್ಯವಾಗಿ ಗರ್ಭಿಣಿಯರೂ ಮುಂದುವರಿಸುತ್ತಾರೆ. ಆದರೆ ಹುಡುಗನಿಗೆ ಮೊದಲೇ ಹೇಳಿ, ಅದನ್ನೂ ಮಗಳೇ ಹೇಳಲಿ. ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗುವ ಹೆಣ್ಣು ಒಂದು ದಿನ ಅದನ್ನು ಬಿಟ್ಟೇಬಿಡುತ್ತಾಳೆ.

ಕಾಯಿಲೆ ಶುರುವಾಗಿ ಸುಮಾರು 8 ವರ್ಷಗಳಾದ ಮೇಲೆ ಕ್ಯಾನ್ಸರ್ ತಪಾಸಣೆಗಾಗಿ ಮತ್ತೆ ಕೊಲೊನೋಸ್ಕೋಪಿ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ. ದಿನಕ್ಕೆ ಆರು ಅಥವಾ ಹೆಚ್ಚು ಸಲ ರಕ್ತಭೇದಿಯಾಗಿ, ಜೊತೆಗೆ ಜ್ವರ ಬಂದರೆ ಅಥವಾ ಎದೆ ಡವಗುಟ್ಟಿದರೆ ಬೆಳಗಾಗಲೆಂದು ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ. 2020ರಲ್ಲಿ ಕೋವಿಡ್ ಸಮಯದಲ್ಲಿ ಕೇರಳ–ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಕಾಸರಗೋಡು ಜಿಲ್ಲೆಯ ರೋಗಿಗಳು ಪಟ್ಟ ಪಾಡು ನಿಮಗೂ ಗೊತ್ತು. ಒಂದು ತಿಂಗಳ ಮಾತ್ರೆ ಮನೆಯಲ್ಲಿ ಯಾವಾಗಲೂ ಇರಲಿ. ಕೊಲೊನೋಸ್ಕೋಪಿ, ಬಯಾಪ್ಸಿ (ಕರುಳಿನ ಚಿಕ್ಕ ತುಣುಕಿನ ಪರೀಕ್ಷೆ) ವರದಿಗಳ ಪ್ರತಿ ಕಾಸರಗೋಡಿನ ವೈದ್ಯರೊಬ್ಬರ ಬಳಿಯೂ ಇರಲಿ.